ಎಮ್ಮೆಯ ಔಷಧಿ ಕುಡಿದ ಸಮುದ್ರ

ಬಸವನ ಬಾಗೇವಾಡಿಯ ನನ್ನ ಅಕ್ಕನ ಮನೆಯ ಪಡಸಾಲೆಯಲ್ಲಿ ಸ್ವಲ್ಪ ಕಾಲ ಒಂದು ಸಮುದ್ರವಿತ್ತು. ಅದನ್ನು ತರಿಸಿದವರು ಅಕ್ಕನ ಗಂಡ. ನಾನು ಅವರನ್ನು ಮಾಮಾ ಎಂದು ಕರೆಯುತ್ತೇನೆ. ಮನಸ್ಸಿನೊಳಗೆ ಬೇರೆ ಏನೇನೋ ಕರೆಯುತ್ತೇನೆ, ಅದನ್ನಿಲ್ಲಿ ಬರೆಯುವ ಹಾಗಿಲ್ಲ. ಅವರದು ಸಿಮೆಂಟು, ಕಬ್ಬಿಣದ ವ್ಯಾಪಾರ. ಸಿಂದಗಿಯಲ್ಲಿರುವ ಅವರ ಚಿಕ್ಕಪ್ಪನ ಮಗ ಮನೆಯ ವಾಸ್ತು ಸರಿಹೋಗಲೆಂದು ಗಾಜಿನ ತೊಟ್ಟಿ ಇಟ್ಟು ಚಿನ್ನದ ಬಣ್ಣದ ಮೀನು ಸಾಕಿದ್ದ. ಅದನ್ನು ನೋಡಿ ಬಂದ ದಿನದಿಂದ ಮಾಮಾನಿಗೆ ಸಮಾಧಾನವಿರಲಿಲ್ಲ. "ಅವನ ಮನ್ಯಾಗ ಬೋರಿನ ನೀರು. ನಮ್ಮ ಮನ್ಯಾಗ ಸಮುದ್ರದ ನೀರೇ ಇರಬೇಕು" ಎಂದು ಪುಣೆಯ ಅಂಗಡಿಯೊಂದಕ್ಕೆ ಫೋನು ಹಚ್ಚಿದರು.

ನಾನು ಮುದ್ದೇಬಿಹಾಳದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಡಾಕ್ಟರಾಗಲು ಸೀಟು ಸಿಗದವರು ಓದುವ ವಿಷಯ ಅದು ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ಮಾಮಾ ಅದನ್ನು ಇನ್ನಷ್ಟು ಸರಳ ಮಾಡಿ "ಕಪ್ಪಿ ಕೊಯ್ಯೋ ಸಾಲಿ" ಎನ್ನುತ್ತಾರೆ. ಆದ್ದರಿಂದ ಸಮುದ್ರ ತರಿಸುವ ವಿಚಾರದಲ್ಲಿ ಯಾರೂ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದೆ. ಬೇಸಿಗೆಯಲ್ಲಿ ನಲ್ಲಿಯ ನೀರೇ ಸುಡುವ ಊರಿನಲ್ಲಿ ಹವಳಗಳನ್ನು ತಂಪಾಗಿಡುವುದು ಸುಲಭದ ಮಾತಲ್ಲ.

ಪುಣೆಯಿಂದ ವ್ಯಾನು ಬಂತು. ಗೋಡೆಯಷ್ಟು ಉದ್ದದ ಗಾಜಿನ ತೊಟ್ಟಿ, ಪಂಪು, ನೀರು ತಂಪು ಮಾಡುವ ಯಂತ್ರ, ನೀಲಿ ದೀಪಗಳು, ಉಪ್ಪಿನ ಚೀಲಗಳು ಇಳಿದವು. ಕೊನೆಗೆ ಒದ್ದೆ ಕಾಗದದಲ್ಲಿ ಸುತ್ತಿದ ಕಲ್ಲುಗಳು ಬಂದವು. ಇವು ಸಮುದ್ರದಿಂದಲೇ ಎತ್ತಿದ ಕಲ್ಲುಗಳು. ಮೈತುಂಬ ತೂತು. ಆ ತೂತುಗಳೊಳಗೆ ಟಿಕೆಟ್ ಇಲ್ಲದೆ ಯಾವ ಯಾವ ಜೀವಿ ಕೂತು ಬಂದಿರುತ್ತದೆಂದು ಮಾರಿದವನಿಗೂ ತಿಳಿದಿರುವುದಿಲ್ಲ, ಕೊಂಡವನಿಗೂ ತಿಳಿದಿರುವುದಿಲ್ಲ. ಸಮುದ್ರ ಸಾಕುವವರಿಗೆ ಇದೇ ದೊಡ್ಡ ತಲೆನೋವು, ಅದೇ ದೊಡ್ಡ ಮಜವೂ ಹೌದು. ಮಾಮಾನಿಗೆ ಎರಡೂ ಬೇಕಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಬಂದವರು ಬಾಯಿ ತೆರೆದು ನಿಲ್ಲುವುದು.

ಜನ ಬಾಯಿ ತೆರೆದೇ ನಿಂತರು. ಮಾಮಾ ಸೋಫಾದಲ್ಲಿ ಕೂತು ಬೆರಳು ತೋರಿಸುತ್ತಿದ್ದರು. "ಇದು ಜಪಾನದ ಗಿಡ. ಇದು ಆಸ್ಟ್ರೇಲಿಯಾದ ಹೂವು." ನಾನು ಮೊದಲ ಸಲ ಹೋದಾಗ, ಇವು ಗಿಡವೂ ಅಲ್ಲ ಹೂವೂ ಅಲ್ಲ, ಹವಳ, ಪ್ರಾಣಿ ಎಂದೆ. ಉದ್ರಿ ಕೇಳಲು ಬಂದ ಗಿರಾಕಿಯನ್ನು ನೋಡುವಂತೆ ಅವರು ನನ್ನನ್ನು ನೋಡಿದರು. ಬಂದಿದ್ದ ನೆಂಟರ ಕಡೆ ತಿರುಗಿ, "ನಮ್ಮ ಮೇಡಂಗ ಎಲ್ಲಾ ಪ್ರಾಣಿನೇ ಕಾಣತಾವ. ನಾನೂ ಪ್ರಾಣಿನೇ ಅಂತಾರ ನೋಡ್ರಿ" ಎಂದು ನಕ್ಕರು. ಅದನ್ನು ನಾನು ಅಲ್ಲಗಳೆಯಲಿಲ್ಲ.

ಅಕ್ಕನ ಮನೆಯಲ್ಲಿ ತತ್ತಿಯೂ ಒಳಗೆ ಬರುವುದಿಲ್ಲ. ಈರುಳ್ಳಿಯ ಬಗ್ಗೆಯೇ ಅತ್ತೆಯವರ ಕಾಲದಲ್ಲಿ ಜಗಳ ನಡೆದಿತ್ತಂತೆ. ಈಗ ಮೀನುಗಳಿಗೆಂದು ಹಿಮಗಟ್ಟಿದ ಸಿಗಡಿಯ ಪೊಟ್ಟಣಗಳು ಬರತೊಡಗಿದವು. ಅವಕ್ಕಾಗಿ ಮಾಮಾ ಪಡಸಾಲೆಯ ಮೂಲೆಗೊಂದು ಬೇರೆ ಸಣ್ಣ ಫ್ರಿಜ್ ಇಟ್ಟರು. ಅದನ್ನು ಕರಗಿಸಿ ಹಾಕುವ ಕೆಲಸ ಅಕ್ಕನದು. ಮೂಗಿಗೆ ಸೆರಗು ಹಿಡಿದು ಹಾಕುತ್ತಿದ್ದಳು. ಪಡಸಾಲೆಯಲ್ಲಿ ನೀರಿಗೆಂದು ಎ.ಸಿ. ಓಡುತ್ತಿತ್ತು. ಅಡುಗೆಮನೆಯಲ್ಲಿ ಅಕ್ಕ ಬೆವರಿಳಿಸುತ್ತ ರೊಟ್ಟಿ ಬಡಿಯುತ್ತಿದ್ದಳು.

ತೊಂದರೆ ಶುರುವಾದದ್ದು ಒಂದು ಸದ್ದಿನಿಂದ. ಮಧ್ಯಾಹ್ನ ಯಾರೋ ಬೆರಳ ಗೆಣ್ಣಿನಿಂದ ಬಾಗಿಲು ಬಡಿದಂತೆ ಟಕ್ ಎಂದಿತಂತೆ. ಅಕ್ಕ ಹೋಗಿ ಬಾಗಿಲು ತೆರೆದಳು, ಯಾರೂ ಇರಲಿಲ್ಲ. ಮರುದಿನವೂ ಹಾಗೇ ಆಯಿತು. ಕೆಲವು ದಿನಗಳ ನಂತರ ಅವಳಿಗೆ ಗೊತ್ತಾಯಿತು, ಸದ್ದು ಬರುತ್ತಿದ್ದದ್ದು ತೊಟ್ಟಿಯ ಕಲ್ಲಿನೊಳಗಿಂದ. ಆಮೇಲೆ ಗಾಜು ಸ್ವಚ್ಛ ಮಾಡಲೆಂದು ಬಿಟ್ಟಿದ್ದ ಬಸವನಹುಳುಗಳ ಚಿಪ್ಪು ಒಡೆದು ಬೀಳತೊಡಗಿದವು. ಸಿಂದಗಿಯವರ ಮುಂದೆ ಮಾಮಾ ಬಹಳ ಕೊಚ್ಚಿಕೊಂಡಿದ್ದ ಪುಟ್ಟ ನೀಲಿ ಮೀನು ಒಂದು ಬೆಳಿಗ್ಗೆ ಕಾಣಲೇ ಇಲ್ಲ.

ಮಾಮಾ ಟಾರ್ಚು ಹಿಡಿದು ಹುಡುಕಿದರು. ಕಲ್ಲಿನ ಕೆಳಗೆ ಬೆರಳುದ್ದದ, ಗುಲಾಬಿ ಬಣ್ಣದ, ಮೈತುಂಬ ಬಿಳಿ ಕೂದಲಿನಂಥ ಮುಳ್ಳಿರುವ ಹುಳವೊಂದು ಸಿಕ್ಕಿತು. ಅವರ ಪಾಲಿಗೆ ತನಿಖೆ ಅಲ್ಲಿಗೇ ಮುಗಿಯಿತು. ಫೋಟೋ ತೆಗೆದು ಗೊತ್ತಿದ್ದವರಿಗೆಲ್ಲ ಕಳಿಸಿದರು. ಆಮೇಲೆ ಬಂದ ಉತ್ತರಗಳನ್ನು ಅಕ್ಕ ನನಗೆ ಫೋನಿನಲ್ಲಿ ಓದಿ ಹೇಳಿದಳು. ಮೊಬೈಲಿನ ಆ್ಯಪು ಅದನ್ನು ಜರಿಹುಳ ಎಂದಿತ್ತು. ಗೊಳಸಂಗಿಯ ನೆಂಟರೊಬ್ಬರು ಸಮುದ್ರದ ಹಾವಿನ ಮರಿ ಎಂದಿದ್ದರು. ಪುಣೆಯ ಅಂಗಡಿಯವನು ಕಲ್ಲು ತನ್ನಲ್ಲಿದ್ದಾಗ ಶುದ್ಧವಾಗಿತ್ತೆಂದೂ, ಹುಳ ನಿಮ್ಮ ನೀರಿನಲ್ಲೇ ಹುಟ್ಟಿರಬೇಕೆಂದೂ ಹೇಳಿದ್ದ. ಸಮುದ್ರದ ಹುಳ ಬಾಗೇವಾಡಿಯಲ್ಲಿ ಹುಟ್ಟುತ್ತದೆ ಎಂದು ಹೇಳಲು ಅವನಿಗೆ ಎಷ್ಟು ಧೈರ್ಯವಿರಬೇಕು! ಅದನ್ನು ನಂಬಲು ಮಾಮಾನಿಗೆ ಅದಕ್ಕಿಂತ ಹೆಚ್ಚು ಧೈರ್ಯವಿತ್ತು.

"ನೀ ಒಮ್ಮಿ ಬಂದು ನೋಡವ್ವ," ಎಂದಳು ಅಕ್ಕ. "ಇವರೆಲ್ಲಾ ಒಬ್ಬೊಬ್ಬರು ಒಂದೊಂದು ಹೆಸರು ಇಡಾಕತ್ತಾರ. ತೊಟ್ಟಲದಾಗಿನ ಕೂಸಿಗೂ ಇಷ್ಟು ಹೆಸರು ಇಟ್ಟಿರಾಕಿಲ್ಲ."

ಭಾನುವಾರ ಬಸ್ಸು ಹತ್ತಿ ಹೋದೆ. ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. ನಿಜ ಹೇಳಬೇಕೆಂದರೆ, ಒಂದು ಗಳಿಗೆ ಮಾಮಾನ ಮೇಲಿನ ಸಿಟ್ಟು ಮರೆತುಹೋಯಿತು. ಇಷ್ಟು ವರ್ಷ ನಾನು ಮಕ್ಕಳಿಗೆ ತೋರಿಸಿದ್ದು ಬಾಟಲಿಯಲ್ಲಿ ಬಿಳಿಚಿಕೊಂಡು ಮಲಗಿದ ಪ್ರಾಣಿಗಳನ್ನು. ಇಲ್ಲಿ ಅವೇ ಉಸಿರಾಡುತ್ತಿದ್ದವು. ಕಲ್ಲಿನ ಸಂದಿಯಲ್ಲಿ ನಕ್ಷತ್ರಮೀನಿನ ಜಾತಿಯದೊಂದು ದಾರದಂಥ ತೋಳು ಚಾಚಿ ತಿನಿಸು ಹುಡುಕುತ್ತಿತ್ತು. ಸುಣ್ಣದ ಪುಟ್ಟ ಕೊಳವೆಗಳಿಂದ ಗರಿಗಳು ಹೊರಬಂದು ನಾನು ಕೈ ಆಡಿಸಿದರೆ ಒಳಗೆ ಸರಿಯುತ್ತಿದ್ದವು. ಗಾಜಿನಂಥ ಕಂದು ಬಣ್ಣದ ಸಣ್ಣ ಹೂವುಗಳು ಎಲ್ಲೆಂದರಲ್ಲಿ ಎದ್ದಿದ್ದವು. ಅವು ಹೂವಲ್ಲ, ಕುಟುಕುವ ಪ್ರಾಣಿ, ತೊಟ್ಟಿಯ ಕಳೆ ಎಂದು ಅಕ್ಕನಿಗೆ ಹೇಳಿದೆ. ಯಾವುದನ್ನೂ ಮಾಮಾ ಕೊಂಡಿರಲಿಲ್ಲ. ಕೊಂಡದ್ದಕ್ಕಿಂತ ಅವೇ ಚೆನ್ನಾಗಿದ್ದವು.

ಗುಲಾಬಿ ಹುಳವನ್ನೂ ನೋಡಿದೆ. ಮೀನುಗಳು ತಿಂದು ಬಿಟ್ಟ ಸಿಗಡಿಯ ಚೂರೊಂದನ್ನು ಹಿಡಿದು ಕಲ್ಲಿನಡಿ ಎಳೆದುಕೊಂಡಿತು.

ಮಾಮಾ ಅಂಗಡಿಯಿಂದ ಊಟಕ್ಕೆ ಬಂದಾಗ ಜೊತೆಗೆ ಗೆಳೆಯನೊಬ್ಬನನ್ನು ಕರೆದುಕೊಂಡು ಬಂದಿದ್ದರು. ಆತ ಇಂಡಿ ಊರಿನ ನಿಂಬೆಹಣ್ಣಿನ ವ್ಯಾಪಾರಿ, ಮನೆಯಲ್ಲಿ ಎಮ್ಮೆಗಳನ್ನೂ ಕಟ್ಟಿದ್ದಾನೆ. ಜಗತ್ತಿನ ಯಾವ ವಿಷಯದ ಬಗ್ಗೆಯಾದರೂ ಮೊದಲು ಮಾತಾಡುವವನು ಆತ. ಮಳೆ, ಮಂತ್ರಿಮಂಡಲ, ಮೊಣಕಾಲು ನೋವು, ಎಲ್ಲಕ್ಕೂ ಅವನಲ್ಲಿ ಉತ್ತರವಿದೆ.

"ಏನಂತೈತಿ ನಿನ್ನ ಶಾಸ್ತ್ರ?" ಎಂದು ಮಾಮಾ ಕೇಳಿದರು.

"ಹುಳ ಪಾಪದ್ದು ಮಾಮಾ," ಎಂದೆ. "ಅದು ಕಸ ತಿಂತೈತಿ, ನೀರು ಸ್ವಚ್ಛ ಇಡತೈತಿ. ಮೀನ ಹಿಡದಿಲ್ಲ, ಚಿಪ್ಪ ಒಡದಿಲ್ಲ. ಅದನ್ನ ಬಿಟ್ಟಬಿಡ್ರಿ."

"ಮತ್ತ ಯಾರು ಒಡದ್ರು? ನಾನೇನು?"

"ಕಲ್ಲಿನಾಗ ಇನ್ನೊಂದು ಏನೋ ಐತಿ. ಏನಂತ ಇನ್ನೂ ಗೊತ್ತಿಲ್ಲ. ನಾಕು ದಿನ ಕೂತು ನೋಡಬೇಕ್ರಿ."

ಗೆಳೆಯ ಮೀಸೆಯೊಳಗೆ ನಕ್ಕ. "ಗೊತ್ತಿಲ್ಲ ಅನ್ನಾಕ ಅಷ್ಟು ವರ್ಷ ಓದಬೇಕೇನ್ರಿ ಮೇಡಂ? ಓದದೇ ಇದ್ದವರಿಗೂ ಅದು ಬರತೈತಲ್ಲ!"

ಬರುವುದಿಲ್ಲ. ಅದೇ ನನ್ನ ತಕರಾರು. ಗೊತ್ತಿಲ್ಲ ಎಂಬ ಮಾತು ಆ ಗೆಳೆಯನ ಬಾಯಿಂದ ಹುಟ್ಟಿದಾಗಿನಿಂದ ಬಂದಿರಲಿಕ್ಕಿಲ್ಲ. ಆದರೆ ಅಕ್ಕನ ಮನೆಯ ಊಟದ ಹೊತ್ತು. ನಾನು ಬದನೆಕಾಯಿ ಎಣಗಾಯಿ ಬಡಿಸಿಕೊಂಡೆ.

"ಜಂತು ಅದು," ಎಂದ ಗೆಳೆಯ ಮಾಮಾನಿಗೆ, ರೊಟ್ಟಿ ಮುರಿಯುತ್ತ. "ನಮ್ಮ ಎಮ್ಮಿಗೋಳಿಗೆ ಹಾಕೋ ಔಷಧ ಐತಿ. ಒಮ್ಮಿ ಕುಡಿಸಿದ್ರ ಸಾಕು, ಒಳಗಿಂದೆಲ್ಲಾ ಸ್ವಚ್ಛ. ಕಳಸ್ತೇನಿ ತಗೋ."

"ಹಾಕಬ್ಯಾಡ್ರಿ ಮಾಮಾ," ಎಂದೆ. "ಹುಳ ಎಲ್ಲಾ ಒಮ್ಮೆಲೆ ಸತ್ತು ಕೊಳತ್ರ ನೀರು ವಿಷ ಆಗತೈತಿ. ಮೀನೂ ಉಳಿಯಂಗಿಲ್ಲ, ಹವಳಾನೂ ಉಳಿಯಂಗಿಲ್ಲ."

ಮಾಮಾ ಕೈ ತೊಳೆಯಲು ಎದ್ದರು.

ಆ ಸಂಜೆಯೇ ನಾನೂ ಅಕ್ಕನೂ ನೋಡಲು ಕೂತೆವು. ಇಂಥ ಜೀವಿಗಳು ಬೆಳಕಿಗೆ ಹೊರಬರುವುದಿಲ್ಲ, ಕೆಂಪು ಬೆಳಕು ಮಾತ್ರ ಅವಕ್ಕೆ ಅಷ್ಟಾಗಿ ಕಾಣುವುದಿಲ್ಲ. ಟಾರ್ಚಿಗೆ ಕೆಂಪು ಬಣ್ಣದ ಕಾಗದ ಕಟ್ಟಿ, ಪಡಸಾಲೆಯ ದೀಪ ಆರಿಸಿ, ಕಿಟಕಿಯ ಪರದೆ ಎಳೆದೆವು. ಅಕ್ಕನಿಗೆ ಹುಳಹುಪ್ಪಡಿ ಕಂಡರೆ ಆಗುತ್ತಿರಲಿಲ್ಲ. ನಾನು ಪಿಯುಸಿಯಲ್ಲಿ ಜಿರಳೆ ಹಿಡಿದು ಡಬ್ಬಿಯಲ್ಲಿಟ್ಟಿದ್ದಾಗ ನನ್ನ ಜೊತೆ ಒಂದೇ ಕೋಣೆಯಲ್ಲಿ ಮಲಗಿರಲಿಲ್ಲ. ಆದರೆ ಆ ಸಂಜೆ ಅವಳೇ ನನಗಿಂತ ಮುಂದಕ್ಕೆ ಬಾಗಿ ಕೂತಿದ್ದಳು. ಟಕ್ ಎಂದಿತು. ಅಕ್ಕ ನನ್ನ ಮೊಣಕೈ ಹಿಡಿದಳು.

"ಆ ಕಲ್ಲು ನೋಡ," ಎಂದು ಪಿಸುಗುಟ್ಟಿದಳು. "ಆ ದುಂಡನ ತೂತು. ಅದರ ಮುಂದ ಎಷ್ಟು ಚಿಪ್ಪಿನ ಚೂರು ಬಿದ್ದಾವ ನೋಡ. ಉಂಡ ಮ್ಯಾಲೆ ಹೊರಗ ಚೆಲ್ಲೇತಿ."

ತೂತಿನೊಳಗೆ ಏನೋ ಹೊಳೆಯಿತು. ಎರಡು ಕಣ್ಣು, ದಂಟಿನ ಮೇಲೆ ಕೂತಂಥವು. ಒಂದು ನಮ್ಮ ಕಡೆ, ಇನ್ನೊಂದು ಬೇರೆ ಕಡೆ ತಿರುಗುತ್ತಿದ್ದವು. ಅಷ್ಟರಲ್ಲಿ ಮಾಮಾ ಬಂದು ದೀಪ ಹಾಕಿದರು. "ಏನ ಕತ್ತಲಾಗ ಕುಂತು ಮಾಟ ಮಾಡಾಕತ್ತೀರೇನು? ಮಂದಿ ಬರೋ ಹೊತ್ತು" ಎಂದರು. ಕಣ್ಣುಗಳು ಮಾಯವಾದವು.

ನನಗೆ ಬಂದ ಅನುಮಾನದ ಬಗ್ಗೆ ವಾಪಸು ಹೋಗುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದೆ. ನಮ್ಮ ಕಾಲೇಜಿನ ಕಪಾಟಿನಲ್ಲಿ ಒಂದು ಬಾಟಲಿ ಇದೆ, ಒಳಗೆ ಬಿಳಿ ಮುದ್ದೆಯಂತಾಗಿರುವ ಸಿಗಡಿಯಂಥದ್ದು. ಮ್ಯಾಂಟಿಸ್ ಸಿಗಡಿ ಎಂದು ಚೀಟಿ ಅಂಟಿಸಿದ್ದಾರೆ. ಮುಂಗಾಲುಗಳು ಸುತ್ತಿಗೆಯಂತೆ, ಹೊಡೆದರೆ ಚಿಪ್ಪು ಒಡೆಯುತ್ತದೆ ಎಂದು ಪ್ರತಿವರ್ಷ ಪಾಠ ಮಾಡುತ್ತೇನೆ. ಅಂಥ ಸದ್ದನ್ನು ಆ ಸಂಜೆಯವರೆಗೆ ನಾನೇ ಕೇಳಿರಲಿಲ್ಲ. ಆದರೂ ಕಣ್ಣು ಮಾತ್ರ ಕಂಡಿದ್ದಕ್ಕೆ ಹೆಸರು ಹೇಳಲು ಮನಸ್ಸು ಒಪ್ಪಲಿಲ್ಲ. ಮುಂದಿನ ಭಾನುವಾರ ಪೂರ್ತಿ ಮೈ ನೋಡೋಣ ಎಂದುಕೊಂಡೆ.

ಮುಂದಿನ ಭಾನುವಾರದವರೆಗೆ ಸಮುದ್ರ ಉಳಿಯಲಿಲ್ಲ. ವಾರದ ನಡುವೆ ಇಂಡಿಯಿಂದ ಬಾಟಲಿ ಬಂತು. ಎಮ್ಮೆಯ ಪ್ರಮಾಣದಲ್ಲೇ ಮಾಮಾ ಅದನ್ನು ತೊಟ್ಟಿಗೆ ಸುರಿದರು. ಸಂಜೆಯ ಹೊತ್ತಿಗೆ ಕಲ್ಲುಗಳ ಸಂದಿಯಿಂದ ಗುಲಾಬಿ ಹುಳಗಳು ಹೊರಬಂದು ಹೊರಳಾಡಿದವಂತೆ. ಇಷ್ಟೊಂದು ಇದ್ದವೇ ಎಂದು ಮಾಮಾ ಗೆದ್ದವರಂತೆ ವಿಡಿಯೋ ಮಾಡಿ ಗೆಳೆಯನಿಗೆ ಕಳಿಸಿದರು. ಮರುದಿನ ನೀರು ಅಂಬಲಿಯ ಬಣ್ಣಕ್ಕೆ ತಿರುಗಿತು. ಮೀನುಗಳು ಮೇಲಕ್ಕೆ ಬಂದು ಬಾಯಿ ಬಡಿದವು, ಆಮೇಲೆ ಬಡಿಯುವುದನ್ನು ನಿಲ್ಲಿಸಿದವು. ಜಪಾನದ ಗಿಡ, ಆಸ್ಟ್ರೇಲಿಯಾದ ಹೂವು ಎಲ್ಲ ಲೋಳೆಯಾಗಿ ಕಲ್ಲಿನಿಂದ ಜಾರಿದವು.

"ನಾ ತಡಿಯಾಕ ಹೋದ್ನಿ," ಎಂದು ಅಕ್ಕ ಫೋನಿನಲ್ಲಿ ಅತ್ತಳು. "ಬಾಟ್ಲಿ ಕೈಯಾಗ ಹಿಡಕೊಂಡು ನಿಂತಿದ್ರು. ಬ್ಯಾಡ್ರಿ ಅಂದ್ರ, ನಿನಗೇನ ಗೊತ್ತು ಅಂದ್ರು."

ಇಪ್ಪತ್ತು ವರ್ಷಕ್ಕೂ ಮೇಲಿನ ಸಂಸಾರದಲ್ಲಿ ಅವಳು ಆ ಮಾತಿಗೆ ಅತ್ತಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಸತ್ತ ಮೀನಿಗಾಗಿ ಅಳುತ್ತಿದ್ದಾಳೆ ಎಂದು ಯಾರಾದರೂ ತಿಳಿಯಬಹುದು. ನಾನು ಹಾಗೆ ತಿಳಿಯಲಿಲ್ಲ.

ಭಾನುವಾರ ಹೋದಾಗ ಓಣಿಯ ತಿರುವಿನಲ್ಲೇ ವಾಸನೆ ಬಡಿಯಿತು. ತೊಟ್ಟಿಯನ್ನು ಖಾಲಿ ಮಾಡಿಸಿದ್ದರು. ಕಲ್ಲುಗಳನ್ನು ಹಿತ್ತಲಿನ ದೊಡ್ಡ ಪ್ಲಾಸ್ಟಿಕ್ ಟಬ್ಬಿನಲ್ಲಿ, ಉಳಿದ ಉಪ್ಪುನೀರಿನ ಜೊತೆ ಹಾಕಿದ್ದರು. ಗೊಳಸಂಗಿಯ ನೆಂಟರು, ಇಂಡಿಯ ಗೆಳೆಯ, ಎಲ್ಲರೂ ಹಿತ್ತಲಿನಲ್ಲಿ ಕುರ್ಚಿ ಹಾಕಿಕೊಂಡು ಸಾವಿನ ಮನೆಗೆ ಬಂದವರ ಹಾಗೆ ಕೂತಿದ್ದರು.

ನನ್ನನ್ನು ಕಂಡಿದ್ದೇ ಮಾಮಾ ಶುರು ಮಾಡಿದರು. "ಬಾರವ್ವ, ಬಾ. ಚಲೋ ಇತ್ತು ನಮ್ಮ ಸಮುದ್ರ. ನೀ ಬಂದು ಕತ್ತಲಾಗ ಕೆಂಪು ದೀಪ ಹಿಡದು ಕುಂತಿ, ಅವತ್ತಿಂದ ಕೆಟ್ಟಿತು ನೋಡು."

"ದೃಷ್ಟಿ ಅಂತೂ ಇರತೈತ್ರಿ," ಎಂದ ಗೆಳೆಯ.

ಆತ ಕಳಿಸಿದ ಔಷಧಿಯ ಖಾಲಿ ಬಾಟಲಿ ಅವನ ಕಾಲ ಬಳಿಯೇ ಬಿದ್ದಿತ್ತು. ಅದನ್ನು ಎತ್ತಿ ಅವನ ಮಡಿಲಲ್ಲಿಟ್ಟೆ. "ಇದರ ಮ್ಯಾಲಿನ ಚಿತ್ರ ನೋಡ್ರಿ," ಎಂದೆ. "ಎಮ್ಮಿ ಐತಿ. ಸಮುದ್ರ ಎಲ್ಲಿ ಐತಿ ಹುಡುಕಿ ತೋರಸ್ರಿ."

ಆತ ಬಾಟಲಿಯನ್ನು ತಿರುಗಿಸಿ ನಿಜವಾಗಿಯೂ ನೋಡಿದ. ಅಂಥವನು ಆತ. ಮಾಮಾ ಏನೋ ಕೂಗಲು ಬಾಯಿ ತೆರೆದರು. ಆಗ ಟಬ್ಬಿನೊಳಗಿನಿಂದ ಟಕ್ ಎಂದಿತು.

ಎಲ್ಲರೂ ತಿರುಗಿದರು. ಇನ್ನೊಮ್ಮೆ ಟಕ್. ಆ ವಿಷದ ನೀರಿನಲ್ಲಿ, ಎಲ್ಲ ಸತ್ತು ಕೊಳೆತ ಮೇಲೂ, ಯಾವುದನ್ನು ಕೊಲ್ಲಲು ಇಷ್ಟೆಲ್ಲ ಮಾಡಿದ್ದರೋ ಅದು ಬದುಕಿತ್ತು.

"ಅಕ್ಕಾ, ಸೋಡಾ ಬಾಟ್ಲಿ ಐತೇನು?" ಎಂದೆ. ತೂತಿಗೆ ಸೋಡಾ ಬಿಟ್ಟರೆ ಒಳಗಿನ ಜೀವಿ ಉಸಿರು ಕಟ್ಟಿ ಹೊರಗೆ ಬರುತ್ತದೆ ಎಂದು ಓದಿದ್ದೆ. ಅಕ್ಕ ಒಳಗೆ ಹೋಗಿ ತಂದಳು, ಜೊತೆಗೆ ಔಷಧಿ ಕುಡಿಸುವ ಪಿಚಕಾರಿಯನ್ನೂ ತಂದಳು. ಆ ಕಲ್ಲನ್ನು ಅವಳೇ ಗುರುತಿಸಿ ಎತ್ತಿದಳು, ಬರಿಗೈಯಲ್ಲಿ. ಹೊಸ ಉಪ್ಪುನೀರು ಕಲಸಿ ಬೋಗುಣಿಗೆ ತುಂಬಿ ಕೆಳಗಿಟ್ಟೆವು. ತೂತಿಗೆ ಸೋಡಾ ಹಿಂಡಿದೆ. ಒಂದು ಕ್ಷಣ ಏನೂ ಆಗಲಿಲ್ಲ. ಮತ್ತೆ ಹಿಂಡಿದೆ. ಹಸಿರು ಹೊಳೆಯುವ, ಬೆರಳಿಗಿಂತ ಸ್ವಲ್ಪ ಉದ್ದದ ಜೀವವೊಂದು ಹಿಮ್ಮುಖವಾಗಿ ಜಾರಿ ಬೋಗುಣಿಗೆ ಬಿತ್ತು. ಬಿದ್ದಿದ್ದೇ ಎದ್ದು ನಿಂತು, ಮುಂಗಾಲು ಮಡಚಿ, ಕಣ್ಣು ಒಂದೊಂದು ಕಡೆ ತಿರುಗಿಸಿ ನಮ್ಮೆಲ್ಲರನ್ನೂ ನೋಡಿತು. ಬಾಲದಲ್ಲಿ ನೀಲಿ ಚುಕ್ಕೆ, ಕಾಲಿನ ಸಂದಿಯಲ್ಲಿ ಕಿತ್ತಳೆ ಬಣ್ಣ. ನಮ್ಮ ಕಪಾಟಿನ ಬಾಟಲಿಯಲ್ಲಿರುವುದು ಇದರ ಹೆಣ ಎಂದು ಯಾರಾದರೂ ಹೇಳಿದರೆ ನಾನೇ ನಂಬುತ್ತಿರಲಿಲ್ಲ.

"ಇಷ್ಟೇನು?" ಎಂದರು ಮಾಮಾ. "ಸಿಗಡಿ."

"ಚೇಳು ಅದು," ಎಂದ ಗೆಳೆಯ. "ಸಮುದ್ರದ ಚೇಳು. ನಾ ಮೊದಲೇ ಅಂದಿದ್ನಿ."

ಆತ ಅಂದಿರಲಿಲ್ಲ. ಬೋಗುಣಿಯ ಮೇಲೆ ಬಾಗಿ ಬೆರಳು ಇಳಿಸಿದ. ಬೇಡ ಎಂದು ನಾನು ಹೇಳಬೇಕಿತ್ತು, ಹೇಳಿದೆ, ಸ್ವಲ್ಪ ನಿಧಾನವಾಗಿ ಹೇಳಿದೆ. ಆತ ಚೀರಿದ್ದು ಪಕ್ಕದ ಮನೆಗೂ ಕೇಳಿಸಿತು. ಉಗುರು ಕಪ್ಪಾಗಿ, ಎಷ್ಟೋ ದಿನ ನಿಂಬೆಹಣ್ಣು ಆರಿಸಲು ಬರಲಿಲ್ಲವಂತೆ. ಅಕ್ಕ ಅರಿಶಿನ ತರುತ್ತೇನೆಂದು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಅಡುಗೆಮನೆಯಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ನಗುತ್ತ ನಿಂತಿದ್ದಳು.

ಅದನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುದ್ದೇಬಿಹಾಳಕ್ಕೆ ತಂದೆ. ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡಿದ್ದೆ. ಪಕ್ಕದ ಹೆಂಗಸು "ಡಬ್ಬ್ಯಾಗ ಏನ ಐತ್ರಿ, ಬಡೀತೈತಲ್ಲ?" ಎಂದಳು. ಹಸಿದೈತಿ ಎಂದೆ. ಕಾಲೇಜಿನ ಪ್ರಯೋಗಾಲಯದಲ್ಲಿ ದಪ್ಪ ಪ್ಲಾಸ್ಟಿಕ್ ತೊಟ್ಟಿ ಮಾಡಿ, ಮಾಮಾ ಮೂಲೆಗೆ ಎಸೆದಿದ್ದ ಪಂಪನ್ನು ಜೋಡಿಸಿ ಇಟ್ಟೆ. ಮ್ಯಾಂಟಿಸ್ ಸಿಗಡಿ ಎಂಬುದು ಖಚಿತ. ಅದರಲ್ಲಿ ಯಾವ ಜಾತಿ ಎಂಬುದು ನನಗಿನ್ನೂ ತಿಳಿದಿಲ್ಲ. ಬಾಲದ ಮುಳ್ಳುಗಳನ್ನು ಪುಸ್ತಕದ ಚಿತ್ರಗಳಿಗೆ ಹೋಲಿಸುತ್ತಲೇ ಇದ್ದೇನೆ.

ಕೆಲವು ತಿಂಗಳ ನಂತರ ಕಾಲೇಜಿನ ವಾರ್ಷಿಕ ಸಮಾರಂಭಕ್ಕೆ ಅಪರೂಪದ ಸಮುದ್ರಜೀವಿಯ ದಾನಿಗಳೆಂದು ಮಾಮಾನನ್ನೇ ಕರೆದರು. ಯಾರ ಮೂಲಕ ಹೇಳಿಸಿಕೊಂಡರೋ ಗೊತ್ತಿಲ್ಲ. ಶಾಲು ಹೊದಿಸಿದರು, ಹಾರ ಹಾಕಿದರು. ಮೈಕು ಹಿಡಿದು ಮಾಮಾ, ಸಮುದ್ರದ ಚೇಳನ್ನು ತಾವು ಹೇಗೆ ಬರಿಗೈಯಿಂದ ಹಿಡಿದರು, ವಿಜ್ಞಾನದ ಮೇಲೆ ತಮಗೆ ಚಿಕ್ಕಂದಿನಿಂದ ಎಷ್ಟು ಒಲವು ಎಂದೆಲ್ಲ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ನನ್ನ ಪಕ್ಕದ ಕುರ್ಚಿಯಲ್ಲಿ ಅಕ್ಕನೂ ತಟ್ಟಲಿಲ್ಲ.

ಮಾಮಾ ಇನ್ನೂ ಮಾತಾಡುತ್ತಿರುವಾಗಲೇ ಅವಳು ನನ್ನ ಕೈ ಹಿಡಿದು ಎಬ್ಬಿಸಿದಳು. ಇಬ್ಬರೂ ಪ್ರಯೋಗಾಲಯಕ್ಕೆ ಹೋದೆವು. ಚೀಲದಿಂದ ಅವಳು ಸ್ಟೀಲಿನ ಡಬ್ಬಿ ತೆಗೆದಳು. ಒಳಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಬಸವನಹುಳುಗಳು, ಆಲಮಟ್ಟಿ ಹಿನ್ನೀರಿನ ದಂಡೆಯಿಂದ ತರಿಸಿದ್ದಂತೆ. ಒಂದನ್ನು ತೊಟ್ಟಿಗೆ ಬಿಟ್ಟು, ಗಲ್ಲಕ್ಕೆ ಕೈ ಹಚ್ಚಿ ಎದುರು ಕೂತಳು. ಸಮಾರಂಭದ ಮೈಕಿನ ಧ್ವನಿ ಕಿಟಕಿಯಿಂದ ಬರುತ್ತಲೇ ಇತ್ತು. ಎದ್ದು ಹೋಗಿ ಕಿಟಕಿ ಹಾಕಿ ಬಂದಳು.

"ಅವರು ಕರ್ಯಾಕ ಬಂದ್ರ," ಎಂದಳು, "ಅಕ್ಕ ಇಲ್ಲಿಲ್ಲ ಅನ್ನು. ಇದರದು ಇನ್ನೂ ಊಟ ಆಗಬೇಕು."